ಫಿಲೊಮೆನ್ ಕುಟ್ಟಿದ ಸೊಪ್ಪು

ಕೊಲೆತ್ ಫಿಲೊಮೆನ್‌ಳನ್ನು ಮೊದಲು ಕಂಡದ್ದು ಪಟ್ಟಣದ ಆಸ್ಪತ್ರೆಯ ಹಿಂಬದಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ. ಕೊಲೆತ್‌ಳ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವನನ್ನು ಕೊಂಡೊಯ್ದ ಎಚ್‌ಐವಿ ಅವಳ ರಕ್ತದಲ್ಲೂ ಇದೆಯೆಂದು ಅಂದು ಬೆಳಿಗ್ಗೆ ನರ್ಸ್ ಹೇಳಿದ್ದಳು. ಮುಖ ಮುಚ್ಚಿ ಕೂತವಳ ಪಕ್ಕಕ್ಕೆ ಅಗಲ ಭುಜದ ಹೆಂಗಸೊಬ್ಬಳು ಬಂದು ಕೂತು, ಉಟ್ಟ ಬಟ್ಟೆಯ ಗಂಟಿನಿಂದ ಹುರಿದ ಕಡಲೆಕಾಯಿ ಬಿಚ್ಚಿದಳು.

“ನಾನು ಹನ್ನೊಂದು ದಿನ ಅತ್ತೆ,” ಎಂದಳು. “ಹನ್ನೆರಡನೇ ದಿನ ಹಸಿವಾಯ್ತು. ನಿಂಗೂ ಹನ್ನೊಂದು ಸಾಕು, ಅಕ್ಕ. ಆಮೇಲೆ ನಮ್ಮ ಗುಂಪಿಗೆ ಬಾ.”

ಕೊಲೆತ್ ಒಂಬತ್ತು ದಿನಕ್ಕೇ ಹೋದಳು. ಕ್ಯಾಮರೂನ್ ಗಡಿಯ ಈಚೆಗಿನ ಬಾಸಿರಿ ಹಳ್ಳಿಯಲ್ಲಿ ಅದೇ ಕಾಯಿಲೆಯವರು ಕಟ್ಟಿಕೊಂಡಿದ್ದ ಆ ಗುಂಪಿನಲ್ಲಿ ಅವಳೂ ಸೇರಿ ಆರು ಜನ. ಆಸ್ಪತ್ರೆಗೆ ನಲವತ್ತಮೂರು ಕಿಲೋಮೀಟರ್. ಮೂರು ತಿಂಗಳಿಗೊಮ್ಮೆ ಒಬ್ಬರು ಎಲ್ಲರ ಚಿಕಿತ್ಸೆಯ ಪುಸ್ತಕ ಹೊತ್ತು ಹೋಗಿ ಆರು ಜನರ ಮಾತ್ರೆ ತರಬೇಕು. ಕೊಲೆತ್‌ಳ ಸರದಿ ಬಂದಾಗಲೆಲ್ಲ ಫಿಲೊಮೆನ್‌ಳೇ ಹೋಗುತ್ತಿದ್ದಳು, ಏಕೆಂದರೆ ಕೊಲೆತ್‌ಳ ಬದುಕು ನಡೆಯುತ್ತಿದ್ದದ್ದು ಜೋಳದ ಹೆಂಡದಿಂದ. ಸೋರೆಬುರುಡೆ ತುಂಬಿಸಿದ ಮೇಲೆ ಮಾರುವವಳೇ ಮೊದಲ ಗುಟುಕು ಕುಡಿದು ತೋರಿಸಬೇಕು. ಇಲ್ಲದಿದ್ದರೆ ವಿಷವಿದೆಯೆಂದು ಯಾರೂ ಮುಟ್ಟುವುದಿಲ್ಲ. ಅವಳ ಕಾಯಿಲೆ ಗೊತ್ತಾದರೆ ಅವಳ ತುಟಿ ತಾಗಿದ ಬುರುಡೆಯನ್ನು ಯಾರು ಕೈಗೆ ತೆಗೆದುಕೊಂಡಾರು?

ಫಿಲೊಮೆನ್ ಹೊಗೆ ಹಾಕಿದ ಮೀನು ಮಾರುತ್ತಿದ್ದಳು. ಯಾರು ಕೇಳಿದರೂ ತನ್ನ ಕಾಯಿಲೆಯ ಹೆಸರು ಹೇಳುತ್ತಿದ್ದಳು. ಸತ್ತು ಒಣಗಿದ ಮೀನಿಗೆ ಇನ್ನೆಂಥ ಕಾಯಿಲೆ ಅಂಟೀತು ಎಂದು ಗಿರಾಕಿಗಳನ್ನೇ ಕೆಣಕುತ್ತಿದ್ದಳು. ಅರ್ಧ ಜನ ಬೇರೆ ಕಡೆ ಹೋದರು. ಅವರಲ್ಲಿ ಮುಕ್ಕಾಲು ಪಾಲು ತಿರುಗಿ ಬಂದರು. ಮೀನು ಚೆನ್ನಾಗಿತ್ತು.

ಒಂದು ಬೇಸಿಗೆಯಲ್ಲಿ ಫಿಲೊಮೆನ್ ಮಾತ್ರೆ ತರಲು ಹೋದವಳು ಬರಲಿಲ್ಲ. ಬೈಕಿನವನ ಕೈಯಲ್ಲಿ ಸುದ್ದಿ ಬಂತು. ಇನ್ನು ಮುಂದೆ ಮದ್ದು ಬೇಕಾದವರು ತಾವೇ ಬಂದು ಕಿಟಕಿಯ ಮುಂದೆ ನಿಲ್ಲಬೇಕಂತೆ, ಹೊಸ ಆದೇಶವಂತೆ. ತಾನು ಔಷಧದ ಕಿಟಕಿಯ ಕೆಳಗೆ ಕೂತಿದ್ದೇನೆ, ನಡೆಯಬಲ್ಲವರೆಲ್ಲ ಬನ್ನಿ, ಹಗಲಲ್ಲೇ ಬನ್ನಿ ಎಂದು ಹೇಳಿ ಕಳಿಸಿದ್ದಳು.

ಕೊಲೆತ್ ಬಳಿ ಒಂಬತ್ತು ದಿನದ ಮಾತ್ರೆ ಉಳಿದಿತ್ತು. ಅಷ್ಟರೊಳಗೆ ಆದೇಶ ಬದಲಾಗಬಹುದು, ಕಾಯೋಣ ಎಂದಳು. ಗುಂಪಿನ ಚಾಪೆ ಹೆಣೆಯುವ ಮುದುಕ ತೋಬಿ ಕೈಯಲ್ಲಿದ್ದ ಗರಿ ಕೆಳಗಿಟ್ಟ.

“ಗುಟ್ಟು ಉಳಿಸ್ಕೊಂಡು ಸತ್ರೆ ನಿನ್ನ ಹೆಂಡ ಯಾರಮ್ಮ ಮಾರ್ತಾರೆ? ನಿನ್ನ ಗುಟ್ಟಾ?”

ಮರುದಿನ ಕೊಲೆತ್, ತೋಬಿ ಮತ್ತು ಗುಂಪಿನ ಇನ್ನೊಬ್ಬಳು, ಮಾತು ಕಡಿಮೆಯ ಒದಿಲ್, ಎರಡು ಬೈಕುಗಳಲ್ಲಿ ಹೊರಟರು. ಬಾಣಂತಿಯೊಬ್ಬಳು, ಕಾಲು ಊದಿದವನೊಬ್ಬ ಹಳ್ಳಿಯಲ್ಲೇ ಉಳಿದರು.

ನಾಲ್ವರಿಗೆ ಕೊಡುತ್ತೇನೆ, ಬಾರದ ಇಬ್ಬರಿಗೆ ಇಲ್ಲ ಎಂದ ಔಷಧ ಕೊಡುವವನು. ತನ್ನ ಪಾಲಿನ ಪೊಟ್ಟಣವನ್ನು ಕೊಲೆತ್ ಕೈಗೆತ್ತಿಕೊಂಡದ್ದೂ ಆಗಿತ್ತು. ಫಿಲೊಮೆನ್ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಕಿಟಕಿಯೊಳಕ್ಕೆ ಇಟ್ಟಳು.

“ಆರೂ ಕೊಡಪ್ಪ, ಇಲ್ಲಾಂದ್ರೆ ಒಂದೂ ಬೇಡ. ನಮಗೇನೂ ಅವಸರ ಇಲ್ಲ. ಅಡುಗೆ ಮಾಡ್ಕೋತೀವಿ.”

ಎದುರುಮನೆಯಿಂದ ಒರಳು ಒನಕೆ ಎರವಲು ತಂದಳು. ಮೂರು ಕಲ್ಲಿಟ್ಟು ಒಲೆ ಹೂಡಿದಳು. ಮರಗೆಣಸಿನ ಸೊಪ್ಪನ್ನು ಒರಳಿಗೆ ತುಂಬಿ, ಸರಿಯಾಗಿ ಕಿಟಕಿಯ ಕೆಳಗೇ ಕುಟ್ಟತೊಡಗಿದಳು. ಸೊಪ್ಪು ನುಣ್ಣಗಾದರೂ ನಿಲ್ಲಿಸಲಿಲ್ಲ. ಅವಳು ದಣಿದಾಗ ಒದಿಲ್, ಒದಿಲ್ ದಣಿದಾಗ ಕೊಲೆತ್. ಸಂತೆಗೆ ಹೋಗುವವರು ನಿಂತು ನೋಡಿದರು. ಏನಿದು ಎಂದವರಿಗೆಲ್ಲ ಫಿಲೊಮೆನ್ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಆದೇಶ ಮೂರನ್ನೂ ಬಿಡಿಸಿ ಹೇಳಿದಳು. ನೋಡುತ್ತ ನಿಂತವರಲ್ಲಿ ಬಾಸಿರಿಯ ಮರ ಕೊಯ್ಯುವವನೊಬ್ಬನಿದ್ದ. ಪ್ರತಿ ಶನಿವಾರ ಕೊಲೆತ್‌ಳ ಹೆಂಡ ಕುಡಿಯುವವನು. ಕೊಲೆತ್ ತಲೆ ತಗ್ಗಿಸಿ, ಒನಕೆಯನ್ನು ಇನ್ನೂ ಜೋರಾಗಿ ಹಾಕಿದಳು.

ಮೂರನೆಯ ದಿನ ಮಧ್ಯಾಹ್ನ ದೊಡ್ಡ ಡಾಕ್ಟರು ಕಿವಿಯುಜ್ಜುತ್ತ ಹೊರಬಂದರು. ಆರು ಪುಸ್ತಕ ನೋಡಿ, ಆರಕ್ಕೂ ಮೂರು ತಿಂಗಳ ಮದ್ದು ಬರೆದುಕೊಟ್ಟರು. ಫಿಲೊಮೆನ್ ಅವರಿಗೊಂದು ತಟ್ಟೆ ಸೊಪ್ಪು ಬಡಿಸಿದಳು. ಅವರು ನಿಂತುಕೊಂಡೇ ತಿಂದರು.

ಫಿಲೊಮೆನ್ ಮಾತ್ರ ಹೊರಡಲಿಲ್ಲ. ನದಿಯಾಚೆಯ ಎರಡು ಹಳ್ಳಿಗಳ ಗುಂಪಿನವರು ಅದೇ ಬೆಳಿಗ್ಗೆ ಬಂದಿದ್ದರು, ಅವರಿಗೂ ಅದೇ ಆದೇಶ ಹೇಳಲಾಗಿತ್ತು. ಒನಕೆ ವಾಪಸು ಕೊಡುವ ಅವಸರವಿಲ್ಲ ಎಂದು ಅವಳು ಅಲ್ಲೇ ಉಳಿದಳು. ಮುಂದಿನ ತಿಂಗಳು ದಂಗೆಯೆದ್ದ ಬಂದೂಕಿನವರು ಪಟ್ಟಣದ ದಾರಿಯನ್ನು ಅಡ್ಡಗಟ್ಟಿದರು. ಅವಳು ಓಡಿಹೋಗುತ್ತಿದ್ದ ಜನರೊಂದಿಗೆ ಗಡಿ ದಾಟಿ ಕ್ಯಾಮರೂನ್‌ಗೆ ಹೋದಳೆಂಬ ಸುದ್ದಿಯಷ್ಟೇ ಬಾಸಿರಿಗೆ ಬಂತು. ಕೊಲೆತ್ ಮತ್ತೆ ಅವಳನ್ನು ನೋಡಲಿಲ್ಲ.

ಮದ್ದು ಸಿಕ್ಕ ಆ ಮಧ್ಯಾಹ್ನ ಕೊಲೆತ್, ಫಿಲೊಮೆನ್‌ಳ ಪಾಲು ಬಿಟ್ಟು ಉಳಿದ ಐದು ಪೊಟ್ಟಣ ಕಟ್ಟಿಕೊಂಡು ಬೈಕು ಹತ್ತಿದಾಗ ಫಿಲೊಮೆನ್ ಹಸಿರು ಮೆತ್ತಿದ ಕೈಯನ್ನು ಅವಳ ಮೊಣಕಾಲ ಮೇಲಿಟ್ಟಳು.

“ಮೂರು ದಿನ ಎಲ್ಲಿಗೆ ಹೋಗಿದ್ದೆ ಅಂತ ಊರವರು ಕೇಳ್ತಾರೆ, ಅಕ್ಕ. ಏನು ಹೇಳ್ತೀಯ?”