ಎದೆ ಬಿಗಿದಿದೆಯಾ ಎಂದು ಕೇಳುವ ತೂದಾ

ಬೆಳಗಿನ ಐದೂವರೆ. ಅಜಿಲಾಲ್ ಬೆಟ್ಟದ ಹಳ್ಳಿಯೊಂದರಲ್ಲಿ ರೊಟ್ಟಿ ಒಲೆ ಹೊತ್ತಿಕೊಂಡಿದೆ. ಮನೆಯಾಕೆ ಹಿಟ್ಟು ತಟ್ಟುತ್ತಿದ್ದಾಳೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ತೂದಾ ಒಲೆಗೆ ಪುಳ್ಳೆ ತಳ್ಳುತ್ತ, ತೊಡೆಯ ಮೇಲಿನ ಪ್ರಶ್ನಾವಳಿ ನೋಡಿ ಕೇಳುತ್ತಾಳೆ: “ಹೋದ ಎರಡು ಸಂತೆಯಿಂದೀಚೆಗೆ ನಿದ್ದೆ ಬರದೆ ಹೊರಳಾಡಿದ್ದು ಎಷ್ಟು ದಿನ, ತಂಗಿ?”

“ನನ್ನ ಗಂಡನ ಗೊರಕೆಗೂ ನಿನ್ನ ಕಾಗದದಲ್ಲಿ ಜಾಗ ಇದೆಯಾ, ಅಕ್ಕ?”

“ಗೊರಕೆ ಬಿಟ್ಟು ಹೇಳೇ!”

ಇಬ್ಬರೂ ನಗುತ್ತಾರೆ. ನಗು ಮುಗಿದ ಮೇಲೆ ಬರುವ ಮಾತಿಗೇ ತೂದಾ ಕಾಯುವುದು.

ಐವತ್ತೆರಡರ ತೂದಾ ಓದಿದ್ದು ಆರನೇ ತರಗತಿ. ಮನಸ್ಸಿನ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರಿಗಾಗಿ ಹನ್ನೊಂದು ವರ್ಷಗಳಿಂದ ಬೆಟ್ಟ ಹತ್ತುತ್ತಿದ್ದಾಳೆ. ದಿನಕ್ಕೆ ಮೂರು ಮನೆ, ಮನೆಗೆ ಇಪ್ಪತ್ತನಾಲ್ಕು ಪ್ರಶ್ನೆ, ಹನ್ನೆರಡು ಕಿಲೋಮೀಟರ್ ನಡಿಗೆ. ನಾಯಿಗಳು ಎರಡು ಸಲ ಕಚ್ಚಿವೆ. “ನನ್ನ ಹೆಂಡತಿಗೇನು ಹುಚ್ಚಾ?” ಎಂದು ಬಾಗಿಲಲ್ಲೇ ತಡೆದ ಗಂಡಸರಿಗೆ ಲೆಕ್ಕವಿಲ್ಲ.

ಮೊದಲ ವರ್ಷ ಅರಬ್ಬಿಯಲ್ಲಿದ್ದ ಪ್ರಶ್ನೆಯನ್ನು ತನ್ನ ಬೆಟ್ಟದ ಮಾತಿಗೆ ತಿರುಗಿಸಿ, ಇದ್ದಂತೆಯೇ ಕೇಳಿದಳು: ದುಃಖವಿದೆಯೇ? ಹೆಚ್ಚುಕಡಿಮೆ ಎಲ್ಲ ಹೆಂಗಸರದೂ ಒಂದೇ ಉತ್ತರ: “ದೇವರ ದಯೆ, ಇಲ್ಲ.” ದುಃಖವಿದೆ ಎಂದರೆ ದೇವರನ್ನೇ ದೂರಿದ ಹಾಗೆ. ತೂದಾ ಕಾಗದದ ಕಟ್ಟು ಹೊತ್ತು ಸಂಶೋಧಕರ ಕಚೇರಿಯಿರುವ ಮರ್‍ರಾಕೆಶ್‌ಗೆ ಹೋದಳು.

“ಡಾಕ್ಟರಮ್ಮ, ಈ ಕಾಗದ ಸುಳ್ಳು ಹೇಳ್ತಿದೆ. ನಮ್ಮವರಿಗೆ ದುಃಖ ಆಗಲ್ಲ, ಎದೆ ಬಿಗಿಯುತ್ತೆ. ಹಾಗೆ ಕೇಳಿದ್ರೆ ಹೇಳ್ತಾರೆ.”

“ಪ್ರಶ್ನೆ ಬದಲಾಯಿಸೋದು ನಿಮ್ಮ ಕೆಲಸ ಅಲ್ಲ, ಲಲ್ಲಾ ತೂದಾ,” ಎಂದರು ಸಂಶೋಧನೆಯ ಮುಖ್ಯಸ್ಥೆ ಡಾ. ಘಿಝ್ಲಾನ್, ಹೆಂಗಸರನ್ನು ಗೌರವದಿಂದ ಕರೆಯುವ ‘ಲಲ್ಲಾ’ ಸೇರಿಸಿ.

“ಅಲ್ಲ. ಅದಕ್ಕೇ ಬದಲಾಯಿಸದೆ ನಿಮ್ಮ ಹತ್ರ ತಂದಿದ್ದೀನಿ.”

ಡಾಕ್ಟರ್ ಕಟ್ಟು ಬಿಚ್ಚಿ ಉತ್ತರಗಳನ್ನು ಓದಿದರು. ಆಮೇಲೆ ಮೂವತ್ತು ಹೆಂಗಸರಿಗೆ ಎರಡೂ ರೀತಿಯ ಪ್ರಶ್ನೆ ಕೇಳಿಸಿದರು. ದುಃಖ ಇಬ್ಬರಿಗಿತ್ತು, ಎದೆ ಬಿಗಿದಿದ್ದು ಹತ್ತೊಂಬತ್ತು ಮಂದಿಗೆ. ಪ್ರಶ್ನಾವಳಿಯನ್ನು ಹೊಸದಾಗಿ ಅಚ್ಚು ಹಾಕಿಸಿದರು.

ಕೊನೆಯ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಹೌದೆಂದವರು ಯಾರೆಂದು ತೂದಾ ಬಾಯಿ ಬಿಡುವುದಿಲ್ಲ. “ಅದನ್ನ ಹೇಳಿದ್ರೆ ನನಗೆ ಮುಂದೆ ಯಾರು ಬಾಗಿಲು ತೆಗೀತಾರೆ?”

ಆದರೆ ಪಕ್ಕದ ಕೇರಿಯ ರುಕಿಯಾ ತಾನಾಗಿ ಬಂದು, ಇದನ್ನು ಬರೆದುಕೊಳ್ಳುತ್ತಿರುವ ನನ್ನೆದುರು ಕೂರುತ್ತಾಳೆ. “ನನ್ನ ಹೆಸರು ಬರೀರಿ. ಮಗು ತೀರಿಹೋದ ವರ್ಷ ನಾನು ಹೌದು ಅಂದೆ. ಇವಳು ಕಾಗದ ಮಡಚಿಟ್ಟಳು. ನನ್ನಕ್ಕನ್ನ ಕರೆಸಿದಳು. ಅವಳು ಬರೋತನಕ ನನ್ನ ಕೈ ಬಿಡಲಿಲ್ಲ, ಉಪದೇಶನೂ ಮಾಡಲಿಲ್ಲ. ಮಧ್ಯಾಹ್ನ ಇಬ್ಬರೂ ಸೇರಿ ಬೆಟ್ಟ ಇಳಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಈಗ ನೋಡಿ, ಜಗಳ ಆಡೋಷ್ಟು ಗಟ್ಟಿಯಾಗಿದ್ದೀನಿ.”

“ಜಗಳ ನಿನಗೆ ಮೊದಲಿಂದಲೂ ಬರ್ತಿತ್ತು,” ಎನ್ನುತ್ತಾಳೆ ತೂದಾ, ಮುಖ ತಿರುಗಿಸಿಕೊಂಡು.

ಆ ದಿನ ಅವಳ ಪಾಲಿನ ಎರಡು ಮನೆ ಉಳಿದುಹೋಗಿತ್ತು. ಕಚೇರಿಗೆ ಕಾರಣವನ್ನು ಒಂದೇ ಸಾಲಲ್ಲಿ ಬರೆದಳಂತೆ: ಮಾತು ಮುಗಿದಿರಲಿಲ್ಲ.

ನಿಮಗೇನು ಬೇಕು ಎಂದು ತೂದಾಳನ್ನು ಕೇಳುತ್ತೇನೆ. ಚೀಲ ಹೆಗಲಿಗೇರಿಸುತ್ತ ಹೇಳುತ್ತಾಳೆ: “ತಿಂಗಳಿಗೊಂದು ಸಲ ಡಾಕ್ಟರು ಇಲ್ಲಿಗೆ ಹತ್ತಿ ಬರ್ಲಿ. ದಾರಿ ಗೊತ್ತಿಲ್ಲ ಅನ್ನೋ ಹಾಗಿಲ್ಲ, ನಾನು ಜೊತೆಗಿರ್ತೀನಿ; ಯಾವ ಮನೆಯಲ್ಲಿ ಯಾವ ನಾಯಿ ಇದೆ ಅನ್ನೋದೂ ನನಗೆ ಗೊತ್ತು.”