ಮೈದುನನ ದಪ್ಪ ಸೈಲೆನ್ಸರ್

ನನ್ನ ಮೈದುನ ಗುರುಪ್ರಸಾದನಿಗೆ ಗಾಡಿಗಳ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ. ಬೇರೆ ಯಾರೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ, ಅವನೇ ಹೇಳುತ್ತಾನೆ. ವಯಸ್ಸು ಮೂವತ್ತೊಂದು, ಟಿ. ನರಸೀಪುರದ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಕೆಲಸ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೈಕಿನ ಸೈಲೆನ್ಸರಿನೊಳಗಿನ ಜಾಲರಿ ಕಿತ್ತು ಹೆಮ್ಮಿಗೆಯ ನಮ್ಮ ಬೀದಿಯಲ್ಲಿ ಓಡಿಸಿದನಂತೆ. ಅಂದು ಮೂರು ಮನೆಯ ಹಸುಗಳು ಹಾಲು ಕೊಡಲಿಲ್ಲವಂತೆ. ನಮ್ಮತ್ತೆ ಚನ್ನಾಜಮ್ಮ ಇದನ್ನು ಈಗಲೂ ಮಗನ ಸಾಧನೆಯೆಂದೇ ಹೇಳುತ್ತಾರೆ.

ಹೋದ ತಿಂಗಳು ಅವನ ಕಣ್ಣು ಮನೆಯ ಕಾರಿನ ಮೇಲೆ ಬಿತ್ತು. ಕಾರು ನಮ್ಮ ಯಜಮಾನರದು. ಅವರು ವಾರವೆಲ್ಲ ಕಾರ್ಖಾನೆಯ ಪಾಳಿಯಲ್ಲಿರುವುದರಿಂದ ಓಡಿಸುವವನು ಇವನೇ. ಟ್ರೇಲರ್ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ದು, ಹಳೆಯ ಸೈಲೆನ್ಸರ್ ಬಿಚ್ಚಿಸಿ, ತೋಳಿನಷ್ಟು ದಪ್ಪದ ಸ್ಟೀಲ್ ಪೈಪು ಹಾಕಿಸಿಕೊಂಡು ಬಂದ.

"ಈಗ ಇಂಜಿನ್ನು ಫ್ರೀಯಾಗಿ ಉಸ್ರಾಡ್ತದೆ ಅತ್ತಿಗೆ. ಪಿಕಪ್ ನೋಡಿ ಇನ್ಮೇಲೆ."

"ಮಗು ಎದ್ಬಿಡ್ತದೆ, ಆಫ್ ಮಾಡಪ್ಪ."

ಪಿಕಪ್ಪನ್ನೂ ನೋಡಿದೆ. ನಿಂತಲ್ಲೇ ಕಾರು ಚಳಿಜ್ವರ ಬಂದಂತೆ ನಡುಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಜೋರಾಗುತ್ತಿತ್ತೇ ಹೊರತು ಕಾರು ಎಳೆಯುತ್ತಿರಲಿಲ್ಲ.

ನನ್ನ ಮಗಳಿಗೆ ನಾಲ್ಕು ತಿಂಗಳು. ಹುಟ್ಟುವಾಗಲೇ ಎಡಪಾದ ಒಳಕ್ಕೆ ತಿರುಗಿತ್ತು. ಡಾಕ್ಟರು ಪಾದವನ್ನು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವೇ ನೇರಕ್ಕೆ ತಂದು, ತೊಡೆಯವರೆಗೆ ಹೊಸ ಪ್ಲಾಸ್ಟರ್ ಹಾಕುತ್ತಾರೆ. ನಂಜನಗೂಡಿಗೆ ಅವರು ಬರುವುದು ಬುಧವಾರ ಮಾತ್ರ, ಮಧ್ಯಾಹ್ನ ಹನ್ನೆರಡರವರೆಗೆ. ಪೈಪು ಬಂದ ಮೇಲೆ ಒಂದು ಬುಧವಾರ ಕಾರು ದಾರಿಯಲ್ಲಿ ನಾಲ್ಕು ಸಲ ಆಫ್ ಆಯಿತು. ಏರಿನಲ್ಲಿ ಕಬ್ಬು ತುಂಬಿದ ಟ್ರಾಕ್ಟರ್ ನಮ್ಮನ್ನು ಹಿಂದೆ ಹಾಕಿ ಹೋಯಿತು. ನಾವು ತಲುಪುವಷ್ಟರಲ್ಲಿ ಡಾಕ್ಟರು ಹೊರಟುಹೋಗಿದ್ದರು. ಫೋನಿನಲ್ಲಿ, "ಒಂದು ವಾರ ನಡೆಯುತ್ತೆ. ಇನ್ನೊಂದು ತಪ್ಪಿಸಿದರೆ ತಿದ್ದಿದ ಪಾದ ಮತ್ತೆ ತಿರುಗಬಹುದು" ಎಂದರು.

ಬಸ್ಸಿನಲ್ಲಿ ಹೋಗುತ್ತೇನೆಂದೆ. ಅತ್ತೆ ಒಪ್ಪಲಿಲ್ಲ. "ಮನೇಲಿ ಕಾರ್ ನಿಂತದೆ. ನೀನು ಬಸ್ಸಲ್ಲಿ ಓದ್ರೆ ನನ್ ಮಗನ ಮರ್ವಾದೆ ಏನಾಗ್ಬೇಕು?"

ಮರ್ವಾದೆಯುಳ್ಳ ಮಗ ನಾಲ್ಕು ದಿನ ಕಾರಣ ಹುಡುಕಿದ. ಗುರುವಾರ ಪೆಟ್ರೋಲ್ ಕಲಬೆರಕೆ ಎಂದ. ಶುಕ್ರವಾರ ಪ್ಲಗ್ಗುಗಳನ್ನು ಬದಲಿಸಿದ. ಶನಿವಾರ ಏರ್ ಫಿಲ್ಟರ್ ತಟ್ಟಿ, ಅದರ ಧೂಳನ್ನೆಲ್ಲ ಒಣಹಾಕಿದ್ದ ಮಗುವಿನ ಬಟ್ಟೆಯ ಮೇಲೆ ಹಾರಿಸಿದ. ಭಾನುವಾರ ದೃಷ್ಟಿಯಾಗಿದೆ ಎಂದು ತಾಯಿಮಗ ಸೇರಿ ತೀರ್ಮಾನಿಸಿದರು.

"ಆ ಪೈಪ್ ಹಾಕಿಸಿದ ದಿನದಿಂದ ತಾನೆ ಹೀಗಾಗಿದ್ದು ಗುರು?" ಎಂದು ಕೇಳಿದೆ.

"ಅದ್ಕೇ ಕಣತ್ತಿಗೆ. ಅದನ್ನ ನೋಡೇ ಜನ ಕಣ್ಣಾಕಿರೋದು."

ಸೋಮವಾರ ನಮ್ಮ ಮನೆಯಲ್ಲಿ ಕಾರಿಗೂ ಪೂಜೆ. ಇಂಜಿನ್ ಓಡುತ್ತಿರುವಾಗಲೇ ಊದುಬತ್ತಿ ಬೆಳಗಬೇಕೆಂಬುದು ಮಾವನವರು ಲಾರಿ ಇಟ್ಟಿದ್ದ ಕಾಲದಿಂದ ಬಂದ ಪದ್ಧತಿ. ಈ ಸಲ ದೃಷ್ಟಿ ಹೋಗಲೆಂದು ಅತ್ತೆ ಬಾನೆಟ್ಟನ್ನೂ ತೆರೆಸಿದರು. ಬೆಳಗಿನ ತಣ್ಣನೆಯ ಇಂಜಿನ್, ಫ್ಯಾನ್ ಇನ್ನೂ ತಿರುಗುತ್ತಿರಲಿಲ್ಲ. ನಾನು ಹಿಡಿದ ಬತ್ತಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ಹೊಗೆಪೈಪು ಇಂಜಿನ್ನಿಗೆ ಸೇರುವ ಕಡೆ ಬಂದಾಗ ಮಾತ್ರ ಒಮ್ಮೆ ಪಕ್ಕಕ್ಕೆ ಚದುರಿತು, ಒಮ್ಮೆ ಒಳಕ್ಕೆ ಎಳೆದುಕೊಂಡಿತು. ಮತ್ತೆ ಎರಡು ಸಲ ಅಲ್ಲೇ ಹಿಡಿದೆ. ಹಾಗೇ ಆಯಿತು.

"ಇಲ್ಲಿ ಸಂದಿ ಇದೆ ಗುರು."

"ನೀವು ಪೂಜೆ ಮಾಡಿ ಅತ್ತಿಗೆ. ಮೆಕ್ಯಾನಿಕ್ ಕೆಲ್ಸ ನಂಗ್ ಬಿಡಿ."

"ದೇವ್ರಿಗಿಡಿಯೋ ಬತ್ತೀನ ಯಾರಾದ್ರೂ ಪೈಪಿಗಿಡಿದಾರವ್ವ?" ಎಂದರು ಅತ್ತೆ.

ಮಂಗಳವಾರ ಮಗುವನ್ನೆತ್ತಿಕೊಂಡು ಕಾರಿನಲ್ಲಿ ಕೂತೆ. ನರಸೀಪುರದ ದೇವರಾಜು ಅವರ ಗ್ಯಾರೇಜಿಗೆ ಒಯ್ಯುವವರೆಗೆ ಇಳಿಯುವುದಿಲ್ಲವೆಂದೆ. ಅಲ್ಲಿ ಸಂದಿ ಇರುವ ಜಾಗವನ್ನು ನಾನೇ ತೋರಿಸಿದೆ. ದೇವರಾಜು ಬೋಲ್ಟ್ ಬಿಚ್ಚಿ, ಎರಡು ಪೈಪುಗಳ ನಡುವೆ ಸಂದಿ ಮುಚ್ಚಲು ಇಟ್ಟಿದ್ದ, ಸುಟ್ಟು ಹರಿದ ಒಂದು ಬಿಲ್ಲೆ ತೆಗೆದರು.

"ಇದೇನ್ಲಾ ಗುರು?"

"ಪ್ಯಾಕಿಂಗು."

"ಯಾವ್ ಗಾಡೀದು?"

ಗುರುಪ್ರಸಾದ ರಸ್ತೆಯ ಕಡೆ ನೋಡಿದ. "ಟ್ರಾಕ್ಟರ್ದು. ಹಳೇದೊಂದಿತ್ತು. ಕತ್ರೀಲಿ ಕತ್ತರ್ಸಿ ಸೈಜ್ ಮಾಡ್ದೆ."

"ಸದ್ಯ, ಗೋಣಿಚೀಲ ಆಕಿಲ್ವಲ್ಲ," ಎಂದು ದೇವರಾಜು ನನ್ನ ಕಡೆ ತಿರುಗಿದರು. "ಅಕ್ಕ, ಈ ಸಂದೀಲಿ ಒರಗಿನ್ ಗಾಳಿ ಒಳಕ್ಕೋಯ್ತದೆ. ಕೆಳಗಿರೋ ಸೆನ್ಸರ್ರು, ಗಾಳಿ ಜಾಸ್ತಿ ಆಯ್ತು, ಪೆಟ್ರೋಲ್ ಸಾಲ್ದು ಅಂತ ತಪ್ಪು ತಿಳ್ಕತದೆ. ಕಂಪ್ಯೂಟರ್ರು ಪೆಟ್ರೋಲ್ ಸುರೀತದೆ. ನಡುಕ, ಮಸಿ, ಎಳೀದೇ ಇರೋದು, ಎಲ್ಲಾ ಅದ್ಕೇಯ."

ಹದಿನೈದು ದಿನದಿಂದ ನನ್ನ ರಂಗೋಲಿಯ ಮೇಲೆ ಕಪ್ಪು ಚುಕ್ಕಿ ಯಾಕೆ ಬೀಳುತ್ತಿತ್ತೆಂದು ಆಗ ತಿಳಿಯಿತು.

"ಹಳೇ ಸೈಲೆನ್ಸರ್ ಕೊಟ್ಟಿಗೇಲಿದೆ. ತಂದು ಅದನ್ನೇ ಹಾಕಿಸು," ಎಂದೆ.

"ಸೌಂಡೇ ಇರಲ್ವಲ್ಲ ಅತ್ತಿಗೆ," ಎಂದ. ಮೂವತ್ತೊಂದು ವರ್ಷದ ಗಂಡಸಿನ ಕಣ್ಣು ತುಂಬಿತ್ತು. ಮಗುವಿನ ಪ್ಲಾಸ್ಟರ್ ತಪ್ಪಿದ ದಿನ ಆ ಕಣ್ಣು ಒಣಗಿಯೇ ಇತ್ತು. ಅವನು ದೇವರಾಜು ಅವರ ಬೈಕಿನಲ್ಲಿ ಹೋಗಿ ತಂದ. ಸಂಜೆಯೊಳಗೆ ಹಳೆಯ ಸೈಲೆನ್ಸರ್, ಸರಿಯಾದ ಪ್ಯಾಕಿಂಗು ಕೂತವು. ನಡುಕ ನಿಂತಿತು.

ಬುಧವಾರ ಹತ್ತೂವರೆಗೆ ನಂಜನಗೂಡಿನಲ್ಲಿದ್ದೆವು. ಹಳೆಯ ಪ್ಲಾಸ್ಟರ್ ಬಿಚ್ಚಿ, ಡಾಕ್ಟರು ಪಾದವನ್ನು ಅಂಗೈಯಲ್ಲಿಟ್ಟು ನೋಡಿದರು. "ಏನೂ ಹಾಳಾಗಿಲ್ಲ," ಎಂದರು. ಹೊಸ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಮಗಳ ಹೆಬ್ಬೆರಳು ಹಿಡಿದು ಕೂತಿದ್ದೆ. ಬೆಚ್ಚಗಿತ್ತು.

ಹೊರಗೆ ಗುರುಪ್ರಸಾದ ಇಬ್ಬರು ಆಟೋದವರನ್ನು ನಿಲ್ಲಿಸಿಕೊಂಡಿದ್ದ.

"ಇದೆಲ್ಲ ಮೆಕ್ಯಾನಿಕ್‌ಗೋಳ್ಗೆ ಗೊತ್ತಿರಲ್ಲ ಕಣಣ್ಣ. ಊದುಬತ್ತಿ ಇಡೀಬೇಕು. ಒಗೆ ಎಲ್ ಅಲ್ಲಾಡ್ತದೋ ಅಲ್ಲೇ ಲೀಕು. ನಾನೇ ಕಂಡಿಡ್ದಿದ್ದು."

ನಾನು ಮಗುವನ್ನು ತೊಡೆಯ ಮೇಲೆ ನೇರವಾಗಿ ಮಲಗಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

"ಕಂಡುಹಿಡಿದಿದ್ದು ಸಾಕು, ನಡಿ ಗುರು. ಇವಳಿಗೆ ಹಸಿವು."