ಹುಸೇನಬಿಯ ಒಂದೇ ಚಿತ್ರ

ಹುಸೇನಬಿಯ ಚಿತ್ರವನ್ನು ಕ್ಷಯರೋಗದ ಪುಟಕ್ಕೆ ಹಾಕಿದವಳು ನಾನೇ. ಕಂಪ್ಯೂಟರಿನ ತಪ್ಪು ಎಂದು ಅವಳ ಮುಖ ನೋಡಿಯೇ ಹೇಳಿದ್ದೆ — ಅದು ಸುಳ್ಳು.

ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಹಳ್ಳಿಗಳ ಕಸುಬು, ಆರೋಗ್ಯ, ಸರಕಾರಿ ಸವಲತ್ತುಗಳ ಬಗ್ಗೆ ನಾವು ನಾಲ್ಕೈದು ಜನ ಅಂತರ್ಜಾಲದಲ್ಲಿ ಒಂದು ವಿಕಿ ನಡೆಸುತ್ತಿದ್ದೆವು. ತಂಡದವರು ಯಾರು ಬೇಕಾದರೂ ಪುಟ ಬರೆಯಬಹುದು, ತಿದ್ದಬಹುದು; ಒಮ್ಮೆ ಏರಿಸಿದ ಚಿತ್ರವನ್ನು ಎಷ್ಟು ಪುಟಗಳಿಗೆ ಬೇಕಾದರೂ ಹಾಕಬಹುದು. ಚಿತ್ರಗಳ ಜವಾಬ್ದಾರಿ ನನ್ನದು.

ಶಿರಹಟ್ಟಿಯಲ್ಲಿ ಹಳೆ ಬಟ್ಟೆಗಳ ಕೌದಿ ಹೊಲಿಯುತ್ತಿದ್ದ ಹುಸೇನಬಿಯ ಫೋಟೋ ತೆಗೆದದ್ದು ಕೌದಿಯ ಪುಟಕ್ಕೆಂದೇ. "ಚಂದ ಬಂದೈತೇನ್ರಿ?" ಎಂದು ಕ್ಯಾಮೆರಾದೊಳಗೆ ಇಣುಕಿದ್ದಳು. ಆಮೇಲೆ ವಿಧವಾ ವೇತನದ ಪುಟಕ್ಕೆ ಒಂದು ಚಿತ್ರ ಬೇಕಾಯಿತು — ಅವಳನ್ನೇ ಹಾಕಿದೆ. ಕ್ಷಯರೋಗದ ಪುಟಕ್ಕೂ ಅವಳನ್ನೇ. ಮತ್ತೊಬ್ಬರನ್ನು ಹುಡುಕಲು ಬೇಸರವಾಗಿತ್ತೇ? ಅಷ್ಟು ಯೋಚನೆಯನ್ನೂ ಮಾಡಲಿಲ್ಲ. ಬಡ ಹೆಂಗಸಿನ ಮುಖ ಒಂದಿದ್ದರೆ ಸಾಕಿತ್ತು ನನಗೆ. ಆ ಮುಖಕ್ಕೆ ಹೆಸರಿದೆ, ಗಂಡನಿದ್ದಾನೆ, ಮಗಳಿದ್ದಾಳೆ — ಅವಳ ಮನೆಯಲ್ಲೇ ಕುಳಿತು ಬಂದ ನನಗೆ ಇದು ಗೊತ್ತಿರಲಿಲ್ಲವೇ! ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ. ಪುಟಗಳನ್ನು ಓದಿಯೂ ಸುಮ್ಮನಿದ್ದ ನನ್ನ ಜೊತೆಯವರ ಮೇಲೂ.

ಕ್ಷಯದ ಪುಟವನ್ನು ಆ ಜೊತೆಯವರೇ ದೊಡ್ಡದಾಗಿ ಮುದ್ರಿಸಿ ಮುಂಡರಗಿ ತಾಲೂಕಿನ ಹಳ್ಳಿಗಳ ಗೋಡೆಗಳಿಗೆ ಹಚ್ಚಿಸಿದರು. ಹುಸೇನಬಿಯ ಮಗಳು ಶಮೀಮಳಿಗೆ ಅದೇ ತಾಲೂಕಿನ ಹಿರೇವಡ್ಡಟ್ಟಿಯ ಮನೆಯೊಂದರಲ್ಲಿ ಸಂಬಂಧ ಗೊತ್ತಾಗಿತ್ತು. ಗೋಡೆಯ ಮೇಲೆ ಬೀಗತಿಯನ್ನು ಕಂಡವರು, ರೋಗದ ಮನೆಯ ಹುಡುಗಿ ಬೇಡವೆಂದು ಸಂಬಂಧ ಮುರಿದರು.

ತಾಯಿ ಮಗಳು ನಮ್ಮ ಆಫೀಸಿಗೆ ಬಂದರು. ಕಂಪ್ಯೂಟರಿನಲ್ಲಿ ವಿಧವಾ ವೇತನದ ಪುಟವೂ ಅವರ ಕಣ್ಣಿಗೆ ಬಿತ್ತು. ಶಮೀಮ ಓದಿ ಹೇಳಿದಳು. ಹುಸೇನಬಿ ನನ್ನ ಮೇಜಿನ ಮುಂದೆ ಬಂದು ನಿಂತಳು.

"ನನ್ನ ಗಂಡ ಹೊರಗ ನಿಂತಾನ್ರಿ! ಅವ ಜೀವಂತ ಇದ್ದಾಗನ ನನ್ನ ವಿಧವಾ ಮಾಡೀರಿ. ಒಂದಿನಾ ಕೆಮ್ಮಿದಾಕಿ ಅಲ್ಲ, ನನಗ ಕ್ಷಯಾ ಹಚ್ಚೀರಿ. ಯಾರ ಮಾಡಿದ್ದು ಇದನ್ನ? ಹೇಳ್ರಿ!"

"ಕಂಪ್ಯೂಟರಿಂದ ತಪ್ಪಾಗೈತ್ರಿ," ಎಂದೆ.

"ನಮ್ಮ ಮನಿಗೆ ಬಂದು ಚಹಾ ಕುಡದು ಹೋಗಿದ್ದು ಕಂಪ್ಯೂಟರೇನ್ರಿ?"

ಅವರು ಹೋದ ಮೇಲೆ ಎರಡೂ ಪುಟಗಳಿಂದ ಚಿತ್ರ ತೆಗೆದೆ. ಗೋಡೆಯ ಮೇಲಿನವು ಹಾಗೇ ಉಳಿದವು. ಹಿರೇವಡ್ಡಟ್ಟಿಗೆ ಹೋಗಿ ಒಂದು ಮಾತು ಹೇಳಿದ್ದರೆ... ಹೋಗಲಿಲ್ಲ. ಶಮೀಮಳಿಗೆ ಮತ್ತೆ ಯಾವ ಸಂಬಂಧವೂ ಕೂಡಿಬರಲಿಲ್ಲ ಎಂದು ಆಗಾಗ ಕಿವಿಗೆ ಬೀಳುತ್ತಿತ್ತು. ಕೇಳಿಯೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ.

ಈ ಬೇಸಿಗೆಯಲ್ಲಿ ಶಿರಹಟ್ಟಿಗೆ ಹೋಗಿ ನಿಜ ಹೇಳಿದೆ. ಮುದುಕಿಯಾಗಿದ್ದ ಹುಸೇನಬಿ ನನ್ನತ್ತ ತಿರುಗಲಿಲ್ಲ. ಮಾತಾಡಿದವಳು ಶಮೀಮ.

"ಇದು ನಮಗ ಅವತ್ತ ಗೊತ್ತಿತ್ರಿ. ನಮ್ಮ ಮುಂದ ಹೇಳಿ ನೀವು ಹಗುರಾದ್ರಿ, ಅಷ್ಟ. ಗೊತ್ತಿಲ್ಲದವ್ರು ಹಿರೇವಡ್ಡಟ್ಟ್ಯಾಗ ಅದಾರ. ಅಲ್ಲಿ ಹೋಗಿ ಹೇಳ್ರಿ."

ಹೋದೆ. ಸಂಬಂಧ ಮುರಿದಿದ್ದ ಆ ಮನೆಯ ಕಟ್ಟೆಯ ಮೇಲೆ, ಓಣಿಯ ಜನರೆದುರು ಎಲ್ಲವನ್ನೂ ಹೇಳಿದೆ. ಹುಡುಗನ ತಂದೆ ಕೇಳಿದರು:

"ಆಗ ಯಾಕ ಹೇಳಲಿಲ್ಲ ಯವ್ವಾ? ಯಾರರ ಹೆದರಿಸಿದ್ರೇನು?"

ಯಾರೂ ಹೆದರಿಸಿರಲಿಲ್ಲ. ಹಾಗೆಂದೇ ಹೇಳಿದೆ.